ಗ್ಲಕೋಮಾ ಡ್ರಾಪ್ಸ್: ಟೇಬಲ್ ಬಾಯಿಪಾಠ ಆದಮ್ಯಾಲೆ ಓದೋ ಟಿಪ್ಪಣಿ

ಡಿ.ಫಾರ್ಮ್, ನರ್ಸಿಂಗ್, ಆಪ್ಟೋಮೆಟ್ರಿ ಓದೋ ನಮ್ಮ ಕಡೆ ಹುಡುಗ್ರು ಹುಡುಗ್ಯಾರು ಗ್ಲಕೋಮಾ (ಕಣ್ಣಿನ ನರ ಮೆಲ್ಲಗ ಕೆಡೋ ರೋಗ) ಔಷಧದ ಟೇಬಲ್ ಗಟ್ಟಿ ಹೊಡ್ದಿರ್ತಾರ, ಗ್ರೂಪು, ಡೋಸು, ಸೈಡ್ ಎಫೆಕ್ಟು ಎಲ್ಲಾ ಪಟಪಟ ಬರ್ತಾವ, ಆದ್ರ ಬಳ್ಳಾರಿ ಓಪಿಡಿಯೊಳಗ ಸಿರುಗುಪ್ಪ ಕಡೆಯಿಂದ ಬಂದ ಪೇಷಂಟ್ ಎದುರಿಗೆ ಕುಂತು ಒಂದು ಪ್ರಶ್ನೆ ಕೇಳಿದ್ರ ಬಾಯಿ ಕಟ್ತೈತಿ. ಅದಕ್ಕ ಇದನ್ನ ಟೇಬಲ್ ಆರ್ಡರ್‌ನಾಗ ಬರ್ದಿಲ್ಲ, ಮಂದಿ ಕೇಳೋ ಆರ್ಡರ್‌ನಾಗ ಬರ್ದೀನಿ. ಯಾರಿಗೆ ಯಾವ ಹನಿ ಅನ್ನೋದು ಕಣ್ಣಿನ ಡಾಕ್ಟರ್ ತೀರ್ಮಾನ, ನಾವು ತಿಳ್ಕೋಬೇಕಾದ್ದು ಅದು ಯಾಕ ಮತ್ತ ಹೆಂಗ ಅನ್ನೋದು.

ಮೊದಲ್ನೇ ಪ್ರಶ್ನೆ ಯಾವಾಗ್ಲೂ ಇದೇ: "ಎಷ್ಟು ದಿನ ಹಾಕಿದ್ರೂ ಕಣ್ಣು ಚಲೋ ಕಾಣವಲ್ದು, ಮತ್ಯಾಕ ಹಾಕ್ಬೇಕ್ರಿ?"

ಉತ್ತರ ಹೇಳೋಕ ಮೊದ್ಲು ಕಣ್ಣೊಳಗಿನ ನೀರಿನ ಲೆಕ್ಕ ಗೊತ್ತಿರ್ಬೇಕು. ಕಣ್ಣೀರಲ್ಲ ಇದು, ಅಕ್ವಿಯಸ್ ಅಂತ ಒಳಗಿನ ತಿಳಿನೀರು. ಪಾಪೆ ಹಿಂದಿರೋ ಸಿಲಿಯರಿ ಬಾಡಿ ನಿಮಿಷಕ್ಕ ಸುಮಾರು 2ರಿಂದ 2.5 ಮೈಕ್ರೋಲೀಟರ್ ಈ ನೀರು ತಯಾರು ಮಾಡ್ತೈತಿ, ಅದು ಪಾಪೆ ದಾಟಿ ಮುಂದ ಬಂದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತ ಪಾಪೆ ಸುತ್ತಿನ ಪರದೆ ಕೂಡೋ ಕೋನದಾಗಿರೋ ಜಾಲರಿ ಮೂಲಕ, ಅಂದ್ರ ಟ್ರೆಬೆಕ್ಯುಲರ್ ಮೆಶ್‌ವರ್ಕ್ ಮೂಲಕ, ಶ್ಲೆಮ್ ಕಾಲುವೆಗೆ ಹೋಗಿ ರಕ್ತ ಸೇರ್ತೈತಿ. ಸ್ವಲ್ಪ ನೀರು ಇನ್ನೊಂದು ದಾರಿ ಹಿಡೀತೈತಿ, ಸಿಲಿಯರಿ ಸ್ನಾಯುವಿನ ಸಂದಿಯೊಳಗಿಂದ, ಅದು ಯುವಿಯೋಸ್ಕ್ಲೀರಲ್ ದಾರಿ. ಮಳೆಗಾಲದಾಗ ತುಂಗಭದ್ರಾ ಡ್ಯಾಮಿನ ಒಳಹರಿವು ಹೊರಹರಿವು ಎಷ್ಟೆಷ್ಟು ಕ್ಯೂಸೆಕ್ ಅಂತ ದಿನಾ ಪೇಪರ್‌ನಾಗ ನೋಡ್ತೀವಲ್ಲ, ಹಂಗೇ ಇಲ್ಲೂ ಮಟ್ಟ ನಿಂತಿರೋದು ಆ ಎರಡರ ಲೆಕ್ಕದ ಮ್ಯಾಲೆ. ಸಾಮಾನ್ಯವಾಗಿ 10ರಿಂದ 21 ಎಂಎಂ ಪಾದರಸದಷ್ಟು ಪ್ರೆಶರ್ ಇರ್ತೈತಿ. ಹೊರಗ ಹೋಗೋದು ಕಮ್ಮಿ ಆದ್ರ ಪ್ರೆಶರ್ ಏರ್ತೈತಿ, ಏರಿ ಏರಿ ಹಿಂದಿರೋ ಆಪ್ಟಿಕ್ ನರದ ಎಳೆ ಒಂದೊಂದಾಗಿ ಸಾಯ್ತಾವ. ಸತ್ತ ಎಳೆ ತಿರುಗಿ ಬರಂಗಿಲ್ಲ, ಯಾವ ಹನಿಗೂ ಬರಂಗಿಲ್ಲ, ಆಪರೇಷನ್‌ಗೂ ಬರಂಗಿಲ್ಲ. ಪೊರೆ ಆಪರೇಷನ್ ಮಾಡ್ಸಿಕೊಂಡ ಬಾಜೂ ಮನಿಯವರು ಮರುದಿನ ಫಳಫಳ ಕಾಣ್ತೈತಿ ಅಂದಿರ್ತಾರ, ಅದನ್ನ ಕೇಳ್ಕೊಂಡು ಇವ್ರೂ ಹಂಗೇ ಆಗ್ತೈತಿ ಅನ್ಕೊಂಡು ಬಂದಿರ್ತಾರ. ಇದ್ದದ್ದು ಉಳೀಲಿ ಅಂತ ಹನಿ, ಹೋದದ್ದು ಬರ್ಲಿ ಅಂತ ಅಲ್ಲ. ಇದನ್ನ ಮೊದಲ ದಿನಾನ ಬಿಡಿಸಿ ಹೇಳ್ದಿದ್ರ ಎರಡನೇ ಬಾಟಲಿ ತಗೊಳ್ಳಾಕ ಅವರು ಬರೋದು ಅನುಮಾನ.

ಇಲ್ಲೇ ಎರಡು ಹೆಸರು ಬ್ಯಾರೆ ಬ್ಯಾರೆ ಇಟ್ಕೋರಿ, ವೈವಾದಾಗ, ಅಂದ್ರ ಬಾಯಿ ಪರೀಕ್ಷೆಯೊಳಗ, ಕೇಳ್ತಾರ. ಪ್ರೆಶರ್ ಜಾಸ್ತಿ ಐತಿ ಆದ್ರ ನರ, ಫೀಲ್ಡ್ (ಕಣ್ಣಿಗೆ ಸುತ್ತಲೂ ಕಾಣೋ ವ್ಯಾಪ್ತಿ) ಎರಡೂ ಸರಿ ಅದಾವ ಅಂದ್ರ ಅದು ಆಕ್ಯುಲರ್ ಹೈಪರ್‌ಟೆನ್ಶನ್. ನರ ಕೆಟ್ಟೈತಿ ಅಂದ್ರ ಗ್ಲಕೋಮಾ. ಪ್ರೆಶರ್ 21ರೊಳಗ ಇದ್ದೂ ನರ ಕೆಡೋರು ಇದಾರ, ನಾರ್ಮಲ್ ಟೆನ್ಶನ್ ಗ್ಲಕೋಮಾ ಅಂತಾರ, ಅವರಿಗೂ ಇದೇ ಹನಿ. ಬರೀ ಹೈ ಪ್ರೆಶರ್ ಇದ್ದವರಿಗೆ ಹನಿ ಹಾಕಿದ್ರ ಲಾಭ ಐತೇನು ಅನ್ನೋದಕ್ಕ ಅಮೆರಿಕದಾಗ 1,636 ಮಂದಿ ಮ್ಯಾಲೆ ಓಎಚ್‌ಟಿಎಸ್ ಅನ್ನೋ ಟ್ರಯಲ್ ಮಾಡಿದ್ರು, 2002ರಾಗ ಫಲಿತಾಂಶ ಬಂತು: 5 ವರ್ಷಕ್ಕ ಹನಿ ಹಾಕ್ಕೊಂಡವರಾಗ 4.4% ಮಂದಿಗೆ ಗ್ಲಕೋಮಾ ಆತು, ಹಾಕ್ಕೊಳ್ಳದವರಾಗ 9.5%. ಅಂದ್ರ ಅರ್ಧಕ್ಕಿಂತ ಕಮ್ಮಿ. ಆದ್ರ ಇನ್ನೊಂದು ಮಗ್ಗಲಿನಿಂದ ನೋಡಿದ್ರ ಹಾಕ್ಕೊಳ್ಳದವರಾಗೂ 90% ಮಂದಿಗೆ ಆ 5 ವರ್ಷದಾಗ ಏನೂ ಆಗಿಲ್ಲ, ಅದಕ್ಕ ಪ್ರೆಶರ್ 23 ಬಂದ ಕೂಡ್ಲೇ ಎಲ್ಲರಿಗೂ ಹನಿ ಶುರು ಮಾಡಂಗಿಲ್ಲ, ವಯಸ್ಸು, ಕಾರ್ನಿಯಾ ಎಷ್ಟು ದಪ್ಪ ಐತಿ, ಮನ್ಯಾಗ ಯಾರಿಗರ ಇತ್ತೇನು ಎಲ್ಲಾ ನೋಡ್ತಾರ.

ಈಗ ಔಷಧಕ್ಕ ಬರೋಣು. ಎಲ್ಲಾ ಗ್ರೂಪೂ ಎರಡರಾಗ ಒಂದು ಕೆಲ್ಸ ಮಾಡ್ತಾವ, ಒಳಹರಿವು ತಗ್ಗಿಸ್ತಾವ ಇಲ್ಲಾ ಹೊರಹರಿವು ಏರಿಸ್ತಾವ, ಬ್ರಿಮೋನಿಡಿನ್‌ನಂಥವು ಎರಡೂ ಅಷ್ಟಷ್ಟು ಮಾಡ್ತಾವ. ಇಷ್ಟು ತಿಳ್ಕೊಂಡ್ರ ಟೇಬಲ್ ತಾನಾಗೇ ಕುಂದರ್ತೈತಿ.

ಹೆಚ್ಚಾಗಿ ಮೊದ್ಲು ಬರೆಯೋದು ಪ್ರೊಸ್ಟಗ್ಲಾಂಡಿನ್ ಗುಂಪು: ಲ್ಯಾಟನೋಪ್ರೊಸ್ಟ್ 0.005%, ಟ್ರಾವೊಪ್ರೊಸ್ಟ್ 0.004%, ಬೈಮ್ಯಾಟೊಪ್ರೊಸ್ಟ್. ಹೊರಹರಿವು ಏರಿಸ್ತಾವ, ಮುಖ್ಯವಾಗಿ ಆ ಎರಡನೇ ದಾರಿ. ರಾತ್ರಿ ಒಂದೇ ಹನಿ, ಪ್ರೆಶರ್ 25ರಿಂದ 33% ಇಳಿಸ್ತಾವ. ಕಣ್ಣು ಕೆಂಪಾಗ್ತೈತಿ, ರೆಪ್ಪೆ ಕೂದ್ಲು ಉದ್ದ ದಪ್ಪ ಬೆಳೀತಾವ, ರೆಪ್ಪೆ ಸುತ್ತ ಚರ್ಮ ಕಪ್ಪಾಗ್ತೈತಿ, ಕೆಲವರಿಗೆ ಕಣ್ಣು ಒಳಗ ಹೋದಂಗ ಕಾಣ್ತೈತಿ. ಒಂದೇ ಕಣ್ಣಿಗೆ ಹಾಕ್ಕೊಳ್ಳೋರಿಗೆ ಈ ಫರಕು ಎದ್ದು ಕಾಣ್ತೈತಿ, ಮೊದ್ಲೇ ಹೇಳ್ಬೇಕು, ಇಲ್ಲಾಂದ್ರ ಮನ್ಯಾಗ ಯಾರೋ ಏನೋ ಅಂದ್ರು ಅಂತ ಬಿಟ್ಟೇ ಬಿಡ್ತಾರ.

ಎರಡನೇದು ಟಿಮೋಲೋಲ್ 0.5%, ಬೀಟಾ ಬ್ಲಾಕರ್, ಒಳಹರಿವು ತಗ್ಗಿಸ್ತೈತಿ, ಹೆಚ್ಚಾಗಿ ದಿನಕ್ಕ ಎರಡು ಸಲ. ಅಮೆರಿಕದಾಗ 1978ರಾಗ ಒಪ್ಪಿಗೆ ಸಿಕ್ಕ ಹಳೇ ಔಷಧ, ಅಗ್ಗ, ಜನೌಷಧಿ ಅಂಗಡಿಯೊಳಗೂ ಕೇಳಿ ನೋಡಬಹುದು. ಇದರ ಬಗ್ಗೆ ಸ್ವಲ್ಪ ನಿಂತು ಓದ್ರಿ. ಕಣ್ಣಿಗೆ ಬಿದ್ದ ಹನಿ ಕಣ್ಣಾಗೇ ಇರಂಗಿಲ್ಲ, ಮೂಗಿನ ಕಡೆ ಮೂಲ್ಯಾಗ ಇರೋ ಸಣ್ಣ ತೂತಿನಿಂದ ಕಣ್ಣೀರಿನ ನಾಳಕ್ಕ ಇಳಿದು ಮೂಗಿನ ಒಳಪದರದಿಂದ ನೇರ ರಕ್ತಕ್ಕ ಹೋಗ್ತೈತಿ. ಗುಳಿಗಿ ನುಂಗಿದ್ರ ಮೊದ್ಲು ಲಿವರ್ ಅದನ್ನ ಅಷ್ಟು ಒಡೀತೈತಿ, ಇಲ್ಲಿ ಲಿವರ್ ಕಡೆ ಹೋಗೋಕ ಮುಂಚೇನ ಹೃದಯ, ಶ್ವಾಸಕೋಶ ಮುಟ್ಟಿಬಿಡ್ತೈತಿ. ಅದಕ್ಕ ದಮ್ಮು ಇದ್ದವರಿಗೆ, ಸಿಒಪಿಡಿ (ಉಸಿರುದಾರಿ ಇಕ್ಕಟ್ಟಾಗೋ ಶ್ವಾಸಕೋಶದ ರೋಗ) ಇದ್ದವರಿಗೆ, ನಾಡಿ ಬಡಿತ ಬಹಳ ಕಮ್ಮಿ ಇದ್ದವರಿಗೆ, ಹಾರ್ಟ್ ಬ್ಲಾಕ್ (ಹೃದಯದ ಬಡಿತದ ಸಂಕೇತ ತಡೆಯೋದು) ಇದ್ದವರಿಗೆ ಟಿಮೋಲೋಲ್ ಬ್ಯಾಡ. ನಮ್ಮಂದಿ ಕಣ್ಣಿನ ಡಾಕ್ಟರ್ ಹತ್ರ ಹೋದಾಗ "ನಾ ಪಂಪು ಹೊಡ್ಕೋತೀನಿ" ಅಂತ ತಾವಾಗೇ ಹೇಳಂಗಿಲ್ಲ, ಕಣ್ಣಿಗೂ ದಮ್ಮಿಗೂ ಏನ್ ಸಂಬಂಧ ಅಂತ. ನಾವೇ ಕೇಳ್ಬೇಕು, "ಯಪ್ಪಾ, ದಮ್ಮು ಐತೇನು, ಎದಿ ಗುಳಿಗಿ ತಗೋತೀಯೇನು" ಅಂತ ಹೆಸರಿಟ್ಟು ಕೇಳ್ಬೇಕು. "ಬ್ಯಾರೆ ಕಾಯಿಲೆ ಏನರ?" ಅಂತ ಕೇಳಿದ್ರ ಇಲ್ಲ ಅಂತಾನ ಬರೋದು.

ಉಳಿದವು ಜಲ್ದಿ. ಬ್ರಿಮೋನಿಡಿನ್: ಬಾಯಿ ಒಣಗ್ತೈತಿ, ನಿದ್ದಿ ಬರ್ತೈತಿ, ಕೆಲವು ತಿಂಗಳಾದ ಮ್ಯಾಲೆ ಅಲರ್ಜಿ ಆಗಿ ಕಣ್ಣು ಕಡೀಬಹುದು, 2 ವರ್ಷದೊಳಗಿನ ಕೂಸಿಗೆ ಬ್ಯಾಡವೇ ಬ್ಯಾಡ, ಉಸಿರು ನಿಲ್ಲೋ ಭಯ ಐತಿ. ಡೋರ್ಜೋಲಮೈಡ್, ಬ್ರಿಂಜೋಲಮೈಡ್: ಒಳಹರಿವು ತಗ್ಗಿಸ್ತಾವ, ಬಾಯಿಗೆ ಕಹಿ ಬರ್ತೈತಿ, ಸಲ್ಫಾ ಅಲರ್ಜಿ ಕೇಳ್ಬೇಕು, ಬ್ರಿಂಜೋಲಮೈಡ್ ಬೆಳ್ಳಗಿನ ಸಸ್ಪೆನ್ಶನ್ ಆದ್ದರಿಂದ ಅಲುಗಾಡಿಸಿ ಹಾಕ್ಬೇಕು. ಪೈಲೋಕಾರ್ಪಿನ್ ಈಗ ಕಮ್ಮಿ, ಪಾಪೆ ಸಣ್ಣ ಮಾಡ್ತೈತಿ, ಹುಬ್ಬು ನೋಯ್ತೈತಿ. ಹೊಸದು ನೆಟಾರ್ಸುಡಿಲ್, ಅಮೆರಿಕದಾಗ 2017ಕ್ಕ ಬಂತು, ರೋ ಕೈನೇಸ್ ಅನ್ನೋ ಕಿಣ್ವ ತಡೆದು ಜಾಲರಿನೇ ಸಡಿಲ ಮಾಡ್ತೈತಿ, ಕಣ್ಣು ಕೆಂಪು ಮಾಡೋದ್ರಾಗ ಇದೂ ಮುಂದು. ಎರಡು ಔಷಧ ಕೂಡಿಸಿದ ಬಾಟಲಿಗಳೂ ಬರ್ತಾವ, ಅದರಾಗ ಟಿಮೋಲೋಲ್ ಸೇರೈತೇನು ಅಂತ ಸಣ್ಣ ಅಕ್ಷರ ಓದ್ರಿ.

ಇನ್ನು ಹಾಕೋ ರೀತಿ. ನನ್ನ ಕೇಳಿದ್ರ ಪರೀಕ್ಷೆಯೊಳಗ ಇದಕ್ಕ 2 ಮಾರ್ಕ್ಸ್, ಓಪಿಡಿಯೊಳಗ ಇದೇ ಅರ್ಧ ಟ್ರೀಟ್‌ಮೆಂಟು.

ಒಬ್ಬ ಅಜ್ಜಿಗೆ "ಯವ್ವಾ, ಮನ್ಯಾಗ ಹೆಂಗ ಹಾಕ್ಕೋತೀ, ಹಂಗೇ ಹಾಕಿ ತೋರ್ಸು" ಅಂದೆ. ಸೆರಗಿನ ಗಂಟಿನಿಂದ ಬಾಟಲಿ ತಗದ್ಲು, ಕುಂತಲ್ಲೇ ಮುಖ ಸ್ವಲ್ಪ ಮ್ಯಾಲೆ ಮಾಡಿ ಬಾಟಲಿ ಗಟ್ಟಿ ಹಿಚುಕಿದ್ಲು, ಒಂದು ಹನಿ ಹುಬ್ಬಿಗೆ, ಒಂದು ಗಲ್ಲಕ್ಕ, ಮೂರನೇದು ಕಣ್ಣಿಗೆ, ಬಾಟಲಿ ಮೂತಿ ರೆಪ್ಪೆಗೆ ತಾಗಿಸಿಕೊಂಡು. ಆಮ್ಯಾಲೆ ಪಟಪಟ ಕಣ್ಣು ಬಡಿದು ಸೆರಗಿಂದ ಒರಸ್ಕೊಂಡ್ಲು. "ಉರಿ ಹತ್ತಿತು ಅಂದ್ರ ಒಳಗ ಹೋತು ಅಂತ ಗೊತ್ತಾಗ್ತೈತೆಪ್ಪಾ" ಅಂದ್ಲು. ಕಾರ್ಡ್ ಮ್ಯಾಲೆ ಅದೇ ಔಷಧ ತಿಂಗಳಿಂದ ಐತಿ, ಪ್ರೆಶರ್ ಇಳಿದಿಲ್ಲ, ಇನ್ನೊಂದು ಔಷಧ ಸೇರಿಸೋ ಮಾತು ನಡೆದಿತ್ತು. ಔಷಧ ಸೋತಿಲ್ಲ, ಅದು ಕಣ್ಣಾಗ ನಿಂತೇ ಇಲ್ಲ.

ಈಗ ಲೆಕ್ಕ ಮಾಡ್ರಿ. ಒಂದು ಹನಿ ಸುಮಾರು 40 ಮೈಕ್ರೋಲೀಟರ್ ಅಂತ ಇಟ್ಕೋರಿ, ಕಣ್ಣು ಹಿಡಿಯೋದೇ 30ರ ಆಸುಪಾಸು, ಅಂದ್ರ ಒಂದೇ ಹನಿ ತುಂಬಿ ಚೆಲ್ತೈತಿ, ಎರಡನೇ ಹನಿಗೆ ಜಾಗಾನೇ ಇಲ್ಲ. ಎರಡು ಕಣ್ಣಿಗೆ ರಾತ್ರಿ ಒಂದೊಂದು ಹನಿ, ತಿಂಗಳಿಗೆ 60 ಹನಿ, 2.4 ಎಂಎಲ್ ಆತು. ಬಾಟಲಿ 2.5 ಎಂಎಲ್. ಚೆಲ್ಲಾಕ ಹೆಚ್ಚಿಗೆ ಏನೂ ಇಲ್ಲ. ಅಜ್ಜಿಯಂಗ ಒಂದಕ್ಕ ಮೂರು ಹಾಕಿದ್ರ 10 ದಿನಕ್ಕ ಖಾಲಿ, ಉಳಿದ 20 ದಿನ ಮಗ ಬಳ್ಳಾರಿಗೆ ಹೋದಾಗ ತರ್ತಾನ ಅಂತ ಹಂಗೇ ಇರ್ತಾರ.

ಸರಿಯಾದ ರೀತಿ ಇದು: ಕೈ ಸಾಬೂನ್ ಹಚ್ಚಿ ತೊಳೀಬೇಕು, ಅದೂ ನಮ್ಮ ಸಿರುಗುಪ್ಪ ರಾಯಚೂರು ಕಡೆ ಮೆಣಸಿನಕಾಯಿ ತುಂಬು ಬಿಡಿಸೋ ಸೀಸನ್‌ನಾಗ ಒಂದು ಸಲ ತೊಳೆದ್ರ ಖಾರ ಹೋಗಂಗಿಲ್ಲ, ಅಂಥ ದಿನ ಮನ್ಯಾಗ ಬ್ಯಾರೆಯವರು ಹಾಕಿದ್ರ ಚಲೋ. ಮಲ್ಕೊಂಡು ಹಾಕ್ಕೊಳ್ಳೋದು ವಯಸ್ಸಾದವರಿಗೆ ಸಲೀಸು. ಕೆಳ ರೆಪ್ಪೆ ಬೆರಳಿಂದ ಕೆಳಗ ಜಗ್ಗಿ, ಆಗ ಆಗೋ ಸಣ್ಣ ಚೀಲದಾಗ ಒಂದು ಹನಿ, ಮೂತಿ ಎಲ್ಲೂ ತಾಗಬಾರ್ದು. ಆಮ್ಯಾಲೆ ಕಣ್ಣು ಮೆಲ್ಲಗ ಮುಚ್ಚಿ, ಬಡೀಬಾರ್ದು, ಮೂಗಿನ ಕಡೆ ಮೂಲಿ ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡೀಬೇಕು. ಟಿಮೋಲೋಲ್ ಬಗ್ಗೆ ಹೇಳಿದ ತೂತು ಇದೇ, ಒತ್ತಿದ್ರ ಔಷಧ ಕಣ್ಣಾಗ ಉಳೀತೈತಿ, ಎದೆಗೆ ಹೋಗೋದು ಕಮ್ಮಿ ಆಗ್ತೈತಿ, ಬಾಯಿಗೆ ಕಹಿ ಬರೋದೂ ಕಮ್ಮಿ. ಎರಡು ಔಷಧ ಇದ್ರ ನಡುವೆ 5 ನಿಮಿಷ ಬಿಡ್ಬೇಕು, ಇಲ್ಲಾಂದ್ರ ಎರಡನೇದು ಮೊದಲ್ನೇದನ್ನ ತೊಳ್ಕೊಂಡು ಹೋಗ್ತೈತಿ. ಒಂದು ಹೊತ್ತು ಮರೆತ್ರ ಮುಂದಿನ ಹೊತ್ತಿಗೆ ಡಬಲ್ ಹಾಕಂಗಿಲ್ಲ.

ಬಿಸಿಲಿನ ಮಾತು ನಮ್ಮ ಪುಸ್ತಕದಾಗ ಒಂದು ಸಾಲು, ನಮ್ಮ ಊರಾಗ ಅದು ದೊಡ್ಡ ವಿಷಯ. ಸಾಮಾನ್ಯ ಲ್ಯಾಟನೋಪ್ರೊಸ್ಟ್ ಬಾಟಲಿ ಒಡೆಯೋ ತನಕ 2ರಿಂದ 8 ಡಿಗ್ರಿ ಫ್ರಿಜ್‌ನಾಗ ಇರ್ಬೇಕು, ಒಡೆದ ಮ್ಯಾಲೆ 25 ಡಿಗ್ರಿ ತನಕ ಹೊರಗ ಇಡಬಹುದು, 6 ವಾರ. ಹೊರಗ ಇಡೋಕ ಬರೋಂಥ ಬ್ರ್ಯಾಂಡೂ ಅದಾವ, ಲೇಬಲ್ ನೋಡ್ರಿ. ಏಪ್ರಿಲ್ ಮೇ ತಿಂಗಳಾಗ ರಾಯಚೂರು ಬಳ್ಳಾರಿ 40 ದಾಟ್ತಾವ, ಪತ್ರಾಸ್ ಮನಿಯೊಳಗ ಇನ್ನೂ ಮ್ಯಾಲೆ, "ರೂಮ್ ಟೆಂಪರೇಚರ್" ಅಂತ ಬರೆದಿದ್ದು ನಮ್ಮ ರೂಮಿಗೆ ಹೊಂದಂಗಿಲ್ಲ. ಬೈಕಿನ ಡಿಕ್ಕಿಯೊಳಗ ಬಾಟಲಿ ಇಟ್ಟು ಮಧ್ಯಾಹ್ನ ಕೊಪ್ಪಳದಿಂದ ಗಂಗಾವತಿಗೆ ಹೋಗೋದು ಬ್ಯಾಡ. ಫ್ರಿಜ್ ಇಲ್ಲದವರಿಗೆ ಡಾಕ್ಟರ್ ಹತ್ರಾನೇ ಹೇಳ್ರಿ ಅನ್ಬೇಕು, ಹೊರಗ ಇಡೋಕ ಬರೋ ಔಷಧ ಬರೀತಾರ.

ಹನಿ ಹಾಕೋದು ತ್ರಾಸು ಆಗೋರಿಗೆ ಎಸ್‌ಎಲ್‌ಟಿ ಅನ್ನೋ ಲೇಸರ್ ಐತಿ. ಯುಕೆಯ ಲೈಟ್ ಟ್ರಯಲ್‌ನಾಗ, 2019ರಾಗ ಬಂದ ಫಲಿತಾಂಶ, ಮೊದ್ಲು ಲೇಸರ್ ಮಾಡ್ಸಿಕೊಂಡವರಾಗ 74% ಮಂದಿ 3 ವರ್ಷಕ್ಕೂ ಹನಿ ಇಲ್ಲದೇ ಪ್ರೆಶರ್ ಹಿಡಿದಿಟ್ಟಿದ್ರು. ಕೋನ ತೆರೆದಿದ್ದವರಿಗೆ ಮಾತ್ರ ಇದು.

ಮೆಡಿಕಲ್ ಶಾಪ್‌ನಾಗ ಕೆಲ್ಸಕ್ಕ ಹೋಗೋರು ಇದನ್ನ ಬಿಡಬ್ಯಾಡ್ರಿ: ಭತ್ತದ ರಾಶಿ ಮಾಡುವಾಗ ಧೂಳು ಬಿದ್ದು ಕಣ್ಣು ಕೆಂಪಾಗಿ ಕಡೀತೈತಿ, ಚೀಟಿ ಇಲ್ದೇ ಬಂದು "ಕಣ್ಣಿಂದು ಡ್ರಾಪ್ಸ್ ಕೊಡ್ರಿ" ಅಂತಾರ, ಸ್ಟೀರಾಯ್ಡ್ ಹನಿ ಕೊಟ್ರ ಎರಡು ದಿನದಾಗ ಆರಾಮ, ಆ ಖಾಲಿ ಬಾಟಲಿ ತೋರ್ಸಿ ತೋರ್ಸಿ ತಿಂಗಳುಗಟ್ಟಲೆ ಒಯ್ತಾರ. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಜಾಲರಿಯೊಳಗ ಹೊರಹರಿವು ತಡೆದು ಕೆಲವರಿಗೆ ಪ್ರೆಶರ್ ಏರಿಸ್ತೈತಿ, ನೋವಿಲ್ಲ ಏನಿಲ್ಲ, ಗೊತ್ತಾಗೋ ಹೊತ್ತಿಗೆ ಹರೇದ ಹುಡುಗನ ನರಾನೂ ಹೋಗಿರ್ತೈತಿ. ಗ್ಲಕೋಮಾ ಹನಿ ಮಾರೋ ಕೌಂಟರ್‌ನಾಗೇ ಗ್ಲಕೋಮಾ ಹುಟ್ಟಿಸೋ ಹನಿನೂ ಮಾರ್ತೀವಿ, ಸಿಟ್ಟು ಬರೋ ಮಾತಾದ್ರೂ ನಿಜ.

ಕಡೆಗೆ ಆಂಗಲ್ ಕ್ಲೋಷರ್, ಇದರ ಕತಿನೇ ಬ್ಯಾರೆ. ಮ್ಯಾಲಿನದೆಲ್ಲಾ ಸದ್ದಿಲ್ಲದ ರೋಗ, ಇದು ಕೂಗಾಡೋ ರೋಗ. ಕೋನ ಏಕಾಏಕಿ ಮುಚ್ಚಿ ಪ್ರೆಶರ್ 40, 50 ದಾಟ್ತೈತಿ, ಒಂದು ಕಣ್ಣು ಕೆಂಪು, ಆ ಕಡೆ ತಲಿ ಸಿಡಿಯೋ ನೋವು, ದೀಪದ ಸುತ್ತ ಬಣ್ಣದ ಉಂಗುರ, ವಾಂತಿ. ವಾಂತಿ ನೋಡಿ ಗ್ಯಾಸ್ಟ್ರಿಕ್ ಅಂತ ಸಲೈನ್ ಹಚ್ಚಿ ಮಲಗಿಸಿದ್ರ ಆ ರಾತ್ರಿಯೇ ಕಣ್ಣು ಹೋಗಬಹುದು. ವಾಂತಿ ತಲಿನೋವು ಅಂತ ಬಂದವರ ಎರಡೂ ಕಣ್ಣು ಟಾರ್ಚ್ ಹಾಕಿ ನೋಡ್ರಿ, ಕೆಂಪಗ, ಮಬ್ಬಗ, ಪಾಪೆ ಅಗಲಾಗಿ ಬೆಳಕಿಗೆ ಸಣ್ಣ ಆಗವಲ್ದು ಅಂದ್ರ ಕೂಡ್ಲೇ ದೊಡ್ಡಾಸ್ಪತ್ರಿ. ಅಲ್ಲಿ ಅಸೆಟಜೋಲಮೈಡ್, ಬ್ಯಾಡ ಅನ್ನೋ ಕಾರಣ ಇಲ್ಲಾಂದ್ರ ಟಿಮೋಲೋಲ್ ಹನಿ, ಬೇಕಾದ್ರ ಮ್ಯಾನಿಟಾಲ್ ಕೊಟ್ಟು ಪ್ರೆಶರ್ ಇಳಿಸಿ, ಆಮ್ಯಾಲೆ ಪಾಪೆ ಸುತ್ತಿನ ಪರದೆಗೆ ಲೇಸರ್‌ನಿಂದ ಸಣ್ಣ ತೂತು ಮಾಡ್ತಾರ. ನೋವೇ ಇಲ್ಲದ ಇನ್ನೊಂದು ಕಣ್ಣಿಗೂ ಅದೇ ಲೇಸರ್ ಹೊಡೀತಾರ, ಯಾಕಂದ್ರ ಅದರ ಕೋನಾನೂ ಅಷ್ಟೇ ಇಕ್ಕಟ್ಟಿರ್ತೈತಿ. ಈ ಇನ್ನೊಂದು ಕಣ್ಣಿನ ಪ್ರಶ್ನೆ ವೈವಾದಾಗ ಬಹಳ ಸಲ ಬರ್ತೈತಿ.