‘ರೀಪರ್ಫ್’: ಮುರಿದ ಹಲ್ಲಿಗೆ ಇಡುವ ಹೆಸರಲ್ಲ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ಸ್ಟಾಂಪು ಕೊಟ್ಟುಕೊಳ್ಳುವವರ ಪಟ್ಟಿಗಳಲ್ಲಿ ‘ರೀಪರ್ಫ್’ (ಅಂಚು ಕತ್ತರಿಸಿ ಹೊಸದಾಗಿ ತೂತು ಹೊಡೆದದ್ದು) ಎಂಬ ಮಾತು ಈಗ ಅಂಚಿನ ಯಾವ ಊನಕ್ಕಾದರೂ ಸಲ್ಲುತ್ತಿದೆ. ಒಂದು ಹಲ್ಲು ಗಿಡ್ಡವಿದ್ದರೂ ರೀಪರ್ಫ್, ಮೂಲೆ ಮಡಚಿದ್ದರೂ ರೀಪರ್ಫ್. ಅದೇ ಅಂಚನ್ನು ಕತ್ತರಿಸಿ ಹೊಸದಾಗಿ ತೂತು ಹೊಡೆದಿದ್ದರೆ ಮಾತ್ರ ‘ಸಣ್ಣ ರಿಪೇರಿ’ ಎಂದು ಬರೆಯುತ್ತಾರೆ! ಎರಡೂ ತಪ್ಪು. ಎರಡನೆಯದರಲ್ಲಿ ಕೊಳ್ಳುವವರ ದುಡ್ಡೂ ಹೋಗುತ್ತದೆ.

ಗೊಂದಲದ ಬೇರು ‘ಪರ್ಫೊರೇಶನ್’ ಪದದಲ್ಲೇ ಇದೆ. ಲ್ಯಾಟಿನ್ನಿನಲ್ಲಿ ‘ಪೆರ್’ ಎಂದರೆ ಮೂಲಕ, ‘ಫೊರಾರೆ’ ಎಂದರೆ ಕೊರೆಯುವುದು. ಈ ಕಡೆಯಿಂದ ಆ ಕಡೆಗೆ ಕೊರೆದದ್ದು, ಅಂದರೆ ತೂತು. ನಾವು ‘ಹಲ್ಲು’ ಅನ್ನುವುದು ಎರಡು ತೂತುಗಳ ನಡುವೆ ಉಳಿದ ಕಾಗದವನ್ನು. ತೂತು ಹೊಡೆಯುವುದು ಯಂತ್ರ. ಹಲ್ಲು ಹುಟ್ಟುವುದು ಹಾಳೆಯಿಂದ ಸ್ಟಾಂಪನ್ನು ಹರಿದಾಗ. ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಬೆಣೆ ಬಡಿಯಲು ಸಾಲಾಗಿ ಕೊರೆದ ಗುಳಿಗಳಿವೆಯಲ್ಲ, ಅದೇ ಲೆಕ್ಕ. ಗುಳಿ ಉಳಿಯ ಕೆಲಸ. ಗುಳಿಗಳ ನಡುವೆ ಕಲ್ಲು ಸೀಳಿದ ಜಾಗ ಒರಟು.

ಈ ಒರಟನ್ನೇ ಹುಡುಕಬೇಕು. ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ ಹರಿದ ಹಲ್ಲಿನ ತುದಿಯಲ್ಲಿ ಅರಳೆಯ ಎಳೆಗಳಂತೆ ಕಾಗದದ ನಾರು ಚಾಚಿರುತ್ತದೆ. ಕತ್ತರಿಸಿ ಮತ್ತೆ ತೂತು ಹೊಡೆದ ಬದಿಯಲ್ಲಿ ತುದಿಗಳು ಚಪ್ಪಟೆ, ಬ್ಲೇಡು ಹಾಕಿದಷ್ಟು ನೀಟು. ಒಂದೆರಡು ತುದಿ ಹಾಗಿದ್ದರೆ ಅದು ಕತ್ತರಿಯಿಂದ ಬಿಡಿಸಿದ ಗುರುತಾಗಿರಬಹುದು. ಇಡೀ ಸಾಲು ಹಾಗಿದ್ದು ತೂತುಗಳೂ ಎದುರು ಬದಿಯವಕ್ಕಿಂತ ಸಣ್ಣವೋ ದೊಡ್ಡವೋ ಆಗಿದ್ದರೆ ರೀಪರ್ಫ್. ನಾರೆಲ್ಲ ಅಂಟಿ ಗಟ್ಟಿಯಾಗಿ ಬೆರಳಿಗೆ ಚುಚ್ಚುವಂತಿದ್ದರೆ ಅದು ಬೇರೆ ರೋಗ: ಹಿಂಬದಿಗೆ ಹೊಸ ಗೋಂದು ಬಳಿದಿದ್ದಾರೆ.

ಅಂಕಿಯ ವಿಷಯದಲ್ಲೂ ಇದೇ ಎಡವಟ್ಟು. ‘14 ಪರ್ಫ್’ ಎಂದರೆ ಬದಿಗೆ 14 ಹಲ್ಲು ಅಲ್ಲ, 2 ಸೆಂ.ಮೀ. ಉದ್ದಕ್ಕೆ 14 ತೂತು. ಈ ಅಳತೆಯನ್ನು 1866ರಲ್ಲಿ ಪ್ಯಾರಿಸ್‌ನ ಸ್ಟಾಂಪು ಸಂಗ್ರಾಹಕ ಡಾ. ಲೆಗ್ರಾಂ ರೂಢಿಗೆ ತಂದರು. ಬದಿ 25 ಮಿ.ಮೀ. ಇದ್ದರೆ ಎಣಿಕೆಗೆ ಹದಿನೇಳು–ಹದಿನೆಂಟು ಸಿಗುತ್ತವೆ. 14×13½ ಎಂದಿದ್ದರೆ ಮೊದಲ ಅಂಕಿ ಮೇಲೆ–ಕೆಳಗಿನ ಅಂಚಿಗೆ, ಎರಡನೆಯದು ಎಡ–ಬಲಕ್ಕೆ.

1948ರ ಗಾಂಧೀಜಿ ಸ್ಟಾಂಪುಗಳನ್ನು ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡ್‌ನ ಕುರ್ವಾಸಿಯೆ ಮುದ್ರಣಾಲಯ ಮುದ್ರಿಸಿದ ಇವುಗಳ ಅಳತೆ 11½. 10 ರೂಪಾಯಿಯದರ ಮೂರು ಬದಿ ಗೇಜಿನ (ತೂತು ಅಳೆಯುವ ಪಟ್ಟಿಯ) 11½ ಗೆರೆಗೆ ಕೂತು ನಾಲ್ಕನೆಯದು 12ರ ಕಡೆ ಸರಿದರೆ ಅಲ್ಲಿಗೇ ಮಾತು ಮುಗಿಯಿತು. ಅಳತೆ ಸರಿಬಂದರೂ ನಿಶ್ಚಿಂತೆ ಬೇಡ. ಸರಿಯಾದ ಗೇಜಿನಲ್ಲೇ ಹೊಡೆಯುವ ಕೈಗಳಿವೆ. ಅದೇ ಗಾತ್ರದ, ಅಂಚು ಅಸಲಿಯಿರುವ ಇನ್ನೊಂದು ಸ್ಟಾಂಪನ್ನು ಪಕ್ಕದಲ್ಲಿಟ್ಟು ಅಗಲ ಹೋಲಿಸಿ. ಕತ್ತರಿಸದೆ ಹೊಸ ಅಂಚು ಬರುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಅರ್ಧ–ಒಂದು ಮಿಲಿಮೀಟರ್ ಎಲ್ಲೋ ಕಡಿಮೆಯಾಗಿರುತ್ತದೆ.

ರಿಪೇರಿ ಎಂದರೆ ಇದಕ್ಕೆ ತಿರುಗಾಮುರುಗಾ. ಅಲ್ಲಿ ಕಾಗದ ಕಳೆಯುವುದಿಲ್ಲ, ಸೇರಿಸುತ್ತಾರೆ: ತೆಳುವಾದ ಜಾಗಕ್ಕೆ ತಿರುಳು ತುಂಬುವುದು, ಹರಿದದ್ದು ಅಂಟಿಸುವುದು, ಹೋದ ಮೂಲೆಗೆ ತೇಪೆ. ಕಪ್ಪು ತಟ್ಟೆಯಲ್ಲಿ ಸ್ಟಾಂಪನ್ನು ಬೋರಲಿಟ್ಟು ವಾಟರ್‌ಮಾರ್ಕ್ ದ್ರವದ (ಕಾಗದದೊಳಗಿನ ನೀರಚ್ಚು ನೋಡಲು ಬಳಸುವ ದ್ರವ) ನಾಲ್ಕು ಹನಿ ಬಿಟ್ಟರೆ ತೆಳುವಾದ ಜಾಗ, ಹರಿದ ಗೆರೆ ಕಪ್ಪಗೆ ಎದ್ದು ಕಾಣುತ್ತವೆ. ತೇಪೆ ಸುತ್ತಲ ಕಾಗದದಂತೆ ನೆನೆಯುವುದಿಲ್ಲ. ಈ ದ್ರವಕ್ಕೆ ಕಿಡಿ ತಗಲಬಹುದು, ಹತ್ತಿರ ಬೆಂಕಿ ಬೇಡ. ಫೋಟೊಗ್ರವ್ಯೂರ್ (ಚಿತ್ರ ಕೊರೆದ ಉರುಳೆಯಿಂದ ಮುದ್ರಿಸಿದ) ಸ್ಟಾಂಪುಗಳಲ್ಲಿ ಬಣ್ಣ ಬಿಡುವುದುಂಟು, ಅವಕ್ಕೆ ಮೊದಲು ಓರೆ ಬೆಳಕು, ಆಮೇಲೆ ಯುವಿ ದೀಪ ಹಿಡಿಯಿರಿ. ಈಚಿನ ಬಿಳಿ ಕಾಗದದ ತೇಪೆಯಾದರೆ ಆ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ.

ಪಟ್ಟಿಯಲ್ಲಿ ಬರೆಯಲು ಮೂರೇ ಮಾತು ಸಾಕು: ‘ಮೇಲೆ ಒಂದು ಗಿಡ್ಡ ಹಲ್ಲು’, ‘ಎಡ ಮೂಲೆ ತೇಪೆ’, ‘ಬಲ ಅಂಚು ರೀಪರ್ಫ್’. ಯಾವ ಬದಿ ಎಂದು ಹೇಳದೆ ಬರೀ ‘ರೀಪರ್ಫ್’ ಎಂದಿದ್ದರೆ ನಾಲ್ಕೂ ಅಂಚಿನ ಹತ್ತಿರದ ಫೋಟೊ ಕೇಳಿ, ಆಮೇಲೆ ಬೆಲೆ ಮಾತಾಡಿ.