ಹಾಲಿಗೆ 5 ರೂಪಾಯಿ, ಬೋಟಿಗೆ ಡೀಸೆಲ್: ಸಬ್ಸಿಡಿ ದುಡ್ಡು ಬರೋ ದಾರಿ

ನಂದಿನಿ ಹಾಲಿನ ರೇಟ್ ಏರಿದಾಗೆಲ್ಲ ಬೆಂಗಳೂರಲ್ಲಿ ಗಲಾಟೆ ಆಗತ್ತೆ, ಆದ್ರೆ ಹಳ್ಳಿ ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತವ್ರು ಸೆಕ್ರೆಟರಿನ ಕೇಳೋದು ಒಂದೇ, "ಪ್ರೋತ್ಸಾಹಧನ ಬಂತಾ?"

ಇದು ಶುರುವಾಗಿದ್ದು 2008ರಲ್ಲಿ, ಯಡಿಯೂರಪ್ಪ ಸರ್ಕಾರ ಇದ್ದಾಗ. ಸಹಕಾರ ಸಂಘದ ಡೇರಿಗೆ ಹಾಕೋ ಹಾಲಿಗೆ ಲೀಟರಿಗೆ 2 ರೂಪಾಯಿ ಸರ್ಕಾರದಿಂದ. 2013ರಲ್ಲಿ ಸಿದ್ದರಾಮಯ್ಯ ಬಂದು 4 ಮಾಡಿದ್ರು, ಅವರ ಆ ಅವಧಿಲೇ ಅದು 5 ಆಯ್ತು. 2023ರ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆಲಿ 7 ಅಂತಾನೂ ಬರೆದ್ರು. ಪ್ರೈವೇಟ್ ಡೇರಿಗೆ ಹಾಲು ಹಾಕೋರಿಗೆ ಇದು ಸಿಗಲ್ಲ, ಹಾಗಾಗಿ ರೈತರನ್ನ ನಂದಿನಿ ಹಾಲು ಮಾರೋ ಕೆಎಂಎಫ್ ಕಡೆ ಹಿಡಿದಿಡೋ ಕೆಲಸಾನೂ ಇದು ಮಾಡತ್ತೆ ಅನ್ನೋದು ನನ್ ಲೆಕ್ಕ.

ದಿನಕ್ಕೆ 10 ಲೀಟರ್ ಹಾಕೋ ಮನೆಗೆ ತಿಂಗಳಿಗೆ 1,500 ರೂಪಾಯಿ ಆಯ್ತು. ಬೂಸಾ, ಹಿಂಡಿ, ಫೀಡ್ ಸಾಲ ತೀರಿಸಿದ್ಮೇಲೆ ಹಾಲಿನ ಬಟವಾಡೆಲಿ ಕೈಗೆ ಉಳಿಯೋದೇ ಅಷ್ಟಕ್ಕಷ್ಟೆ, ಅದಕ್ಕೇ ಈ 1,500 ದೊಡ್ಡದು. ಮೊದ್ಲು ಇದು ಒಕ್ಕೂಟ, ಸಂಘದ ಕೈದಾಟಿ ಬರ್ತಿತ್ತು, ಮಧ್ಯದಲ್ಲಿ ಯಾರೂ ನುಂಗಬಾರ್ದು ಅಂತ ಆಮೇಲೆ ಸೀದಾ ಬ್ಯಾಂಕ್ ಖಾತೆಗೆ ಹಾಕೋಕೆ ಶುರು ಮಾಡಿದ್ರು. ಒಳ್ಳೇದೇ, ಆದ್ರೆ ಬಟವಾಡೆ ಒಂದು ದಿನ, ಪ್ರೋತ್ಸಾಹಧನ ಇನ್ಯಾವಾಗ್ಲೋ ಅನ್ನೋ ಹಾಗಾಯ್ತು, ಖಜಾನೆ ಬಿಗಿಯಾದಾಗ ತಿಂಗಳುಗಟ್ಲೆ ಬಾಕಿ ನಿಲ್ಲತ್ತೆ, ಆಧಾರ್ ಲಿಂಕ್ ಸರಿ ಇಲ್ದೋರದ್ದಂತೂ ಕೇಳೋದೇ ಬೇಡ.

ಈಗ ಕರಾವಳಿಗೆ ಬನ್ನಿ, ಅಲ್ಲಿ ಉಲ್ಟಾ ನಡೀತು. ಮಲ್ಪೆ, ಮಂಗಳೂರಿನ ಆಳಸಮುದ್ರದ ಬೋಟು ಒಂದ್ಸಲ ಹೊರಟ್ರೆ ವಾರದ ಮೇಲೆ ಕಡಲಲ್ಲೇ, ಡೀಸೆಲ್ ಸಾವಿರಾರು ಲೀಟರ್. ರಾಜ್ಯ ಸರ್ಕಾರ ಮೀನುಗಾರಿಕೆ ಡೀಸೆಲ್ ಮೇಲಿನ ಮಾರಾಟ ತೆರಿಗೆ ಬಿಟ್ಟುಕೊಡತ್ತೆ, ಆದ್ರೆ ಹಿಂದೆ ಪೂರ್ತಿ ದುಡ್ಡು ಕೊಟ್ಟು ತುಂಬಿಸ್ಬೇಕಿತ್ತು, ತೆರಿಗೆ ಹಣ ಆಮೇಲೆ ವಾಪಸ್, ಆ 'ಆಮೇಲೆ' ಯಾವಾಗ ಅಂತ ಯಾರೂ ಹೇಳ್ತಿರ್ಲಿಲ್ಲ. ಬೋಟಿನೋರು ಬಡ್ಡಿಗೆ ತಂದು ಡೀಸೆಲ್ ಹಾಕ್ಸೋರು. ಎಷ್ಟೋ ಬೋಟಲ್ಲಿ ಖರ್ಚು ಕಳೆದು ಉಳಿದಿದ್ರಲ್ಲಿ ಕೆಲಸದೋರ ಪಾಲು, ಅಂದ್ರೆ ಡೀಸೆಲ್ ಭಾರ ಬಲೆ ಎಳೆಯೋರ ಮೇಲೂ ಬೀಳತ್ತೆ. ಹಾಗಾಗಿ ಖಾತೆಗೆ ಹಾಕೋದು ಬೇಡ, ಬಂಕಲ್ಲೇ ಕಡಿಮೆ ಮಾಡಿ ಅಂತ ಪಟ್ಟು ಹಿಡಿದ್ರು, ಕೊನೆಗೆ ತುಂಬಿಸೋ ಜಾಗದಲ್ಲೇ ತೆರಿಗೆ ವಿನಾಯ್ತಿ ಸಿಕ್ತು. 2023ರ ಜುಲೈ ಬಜೆಟ್‌ನಲ್ಲಿ ಈ ತೆರಿಗೆ ಇಲ್ದ ಡೀಸೆಲ್‌ನ ವರ್ಷದ ಮಿತಿನ 1.5 ಲಕ್ಷ ಕಿಲೋಲೀಟರಿಂದ 2 ಲಕ್ಷಕ್ಕೆ ಏರಿಸಿದ್ರು.

ಒಂದೇ ಸರ್ಕಾರ, ಒಂದು ಕಡೆ ಖಾತೆಗೆ ಹಾಕೋದೇ ಸುಧಾರಣೆ, ಇನ್ನೊಂದು ಕಡೆ ಖಾತೆಗೆ ಹಾಕೋದು ಬಿಟ್ಟಿದ್ದೇ ಸುಧಾರಣೆ!

ನಾಡದೋಣಿಯೋರ, ಅಂದ್ರೆ ಸಣ್ಣ ಸಾಂಪ್ರದಾಯಿಕ ದೋಣಿಲಿ ಮೀನು ಹಿಡಿಯೋರ ಪಾಡು ಮಾತ್ರ ಬೇರೆ. ಅವರ ಇಂಜಿನ್ ಓಡ್ತಿದ್ದಿದ್ದು ರಿಯಾಯ್ತಿ ಸೀಮೆಎಣ್ಣೆ ಮೇಲೆ, ಕೇಂದ್ರದಿಂದ ಬರೋ ಸೀಮೆಎಣ್ಣೆನೇ ಕಮ್ಮಿ ಆಗ್ತಾ ಬಂದ್ಮೇಲೆ ರಿಯಾಯ್ತಿ ಇದ್ದೇನು ಪ್ರಯೋಜನ? ಅದಕ್ಕೆ ಅದೇ ಬಜೆಟ್‌ನಲ್ಲಿ ಪೆಟ್ರೋಲ್, ಡೀಸೆಲ್ ಇಂಜಿನ್‌ಗೆ ಬದಲಾಯಿಸ್ಕೊಳ್ಳೋಕೆ ತಲಾ 50 ಸಾವಿರ ಕೊಡ್ತೀವಿ ಅಂದ್ರು. ಇಂಜಿನ್ ಬದ್ಲಾದ್ರೂ ದಿನಾ ಸುರಿಯೋ ಪೆಟ್ರೋಲಿಗೆ ದುಡ್ಡು ಜೇಬಿಂದ್ಲೇ ಹೋಗ್ಬೇಕಲ್ಲ.