ಶಾಲೆಗೆ ಔಷಧಿ ಹೊಡೆಸುವ ಮೊದಲು ಟಾರ್ಚ್ ಹಿಡಿಯಿರಿ

ಮೇ ಕೊನೆಯ ವಾರ ಬಂತೆಂದರೆ ವಿಜಯಪುರ ಸುತ್ತಲಿನ ಶಾಲೆಗಳಿಂದ ನನಗೆ ಫೋನ್ ಶುರು. ನಾನು ಕೀಟಶಾಸ್ತ್ರದವನು. ವರ್ಷವಿಡೀ ತೊಗರಿಯ ಕಾಯಿಕೊರಕ, ದ್ರಾಕ್ಷಿಯ ಥ್ರಿಪ್ಸ್ ಅಂತ ರೈತರ ಜೊತೆಗೇ ಮಾತು. ಶಾಲೆ ತೆರೆಯುವ ಹೊತ್ತಿಗೆ ಮಾತ್ರ ಮುಖ್ಯಗುರುಗಳ ಸರದಿ. "ಸರ್, ಇಷ್ಟು ದಿನಾ ಕೀಲಿ ಹಾಕಿತ್ತು. ಅಡುಗಿ ಖೋಲ್ಯಾಗ ಜಿರಳಿ, ಹೊರಗ ಚೇಳು. ಯಾವ ಎಣ್ಣಿ ಹೊಡಸೂಣ್ರಿ?"

ನಾನು ತಿರುಗಿ ಕೇಳುವುದು ಒಂದೇ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಒಮ್ಮೆ ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. ಹೊಲದಲ್ಲಿ ರೈತರಿಗೆ ನಾವು ಹೇಳುವುದು ಇದನ್ನೇ ಅಲ್ವಾ? ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟಿ, ಎಷ್ಟು ಪತಂಗ ಬಿದ್ದಿವೆ ಎಣಿಸಿ, ಮಿತಿ ಮೀರಿದರೆ ಮಾತ್ರ ಹೊಡೆಯಿರಿ. ಸಮಗ್ರ ಕೀಟ ನಿರ್ವಹಣೆ ಅನ್ನುವ ಈ ಪದ್ಧತಿಯನ್ನು ನಮ್ಮ ಸರ್ಕಾರ ನೀತಿಯಾಗಿ ಒಪ್ಪಿದ್ದು 1985ರಲ್ಲಿ. ತೊಗರಿಗೆ ಸಿಕ್ಕ ಈ ಮರ್ಯಾದೆ ಶಾಲೆಯ ಮಕ್ಕಳಿಗೆ ಇನ್ನೂ ಸಿಕ್ಕಿಲ್ಲ.

ಟಾರ್ಚ್ ಹಿಡಿದರೆ ಏನು ಕಾಣುತ್ತದೆ? ಬಿಸಿಯೂಟದ ಕೋಣೆಯಲ್ಲಿ ಜಿರಳೆ ಎಲ್ಲ ಕಡೆ ಮನೆ ಮಾಡಿರುವುದಿಲ್ಲ. ಒಲೆ ಕಟ್ಟೆ ಗೋಡೆಗೆ ತಾಗುವ ಸಂದು, ಸ್ವಿಚ್ ಬೋರ್ಡಿನ ಹಿಂಬದಿ, ಮೋರಿಯ ಬಾಯಿ, ಒದ್ದೆ ಗೋಣಿಚೀಲದ ಮಡಿಕೆ. ಅಷ್ಟೇ. ಶಹಾಬಾದ್ ಕಲ್ಲಿನ ನೆಲವಿದ್ದರೆ ಕಲ್ಲುಗಳ ನಡುವಿನ ಸಿಮೆಂಟ್ ಉದುರಿ ಅಲ್ಲೂ ಜಾಗ ಆಗಿರುತ್ತದೆ. ಮೆಣಸಿನ ಕಾಳು ಕುಟ್ಟಿ ಚೆಲ್ಲಿದ ಹಾಗೆ ಹಿಕ್ಕೆ ಬಿದ್ದಿದ್ದರೆ ಗೂಡು ಅಲ್ಲೇ ಹತ್ತಿರ ಇದೆ. ಅಡುಗೆಮನೆಯ ಸಣ್ಣ ಕಂದು ಜಿರಳೆಯ ಒಂದು ತತ್ತಿಚೀಲದಲ್ಲಿ 30–40 ಮೊಟ್ಟೆ ಇರುತ್ತವೆ. ಹೊಡೆದ ಔಷಧಿ ಆ ಚೀಲದೊಳಗೆ ಇಳಿಯುವುದಿಲ್ಲ. ಇವತ್ತು ದೊಡ್ಡವು ಅಂಗಾತ ಬೀಳುತ್ತವೆ, ಎಲ್ಲರಿಗೂ ಖುಷಿ. ತಿಂಗಳೊಳಗೆ ಮರಿಗಳು ಹೊರಗೆ ಬರುತ್ತವೆ. ಮತ್ತೆ ನನಗೆ ಫೋನ್.

ಇದಕ್ಕೆ ಮೊದಲು ಬೇಕಾದವನು ಗೌಂಡಿ. ಸಂದುಗಳಿಗೆ ಸಿಮೆಂಟ್, ಮೋರಿಗೆ ಜಾಳಿಗೆ, ನಲ್ಲಿ ಸೋರುತ್ತಿದ್ದರೆ ಹೊಸ ವಾಷರ್. ಮುಸುರೆ ಬಕೆಟ್ ಸಂಜೆಗೆ ಕೋಣೆಯಿಂದ ಹೊರಗೆ. ಇಷ್ಟಾದ ಮೇಲೂ ಉಳಿದರೆ ಜೆಲ್, ಅಂದರೆ ಜಿರಳೆ ತಿನ್ನುವಂಥ, ವಿಷ ಬೆರೆಸಿದ ಅಂಟು. ಸಂದಿಯೊಳಗೆ, ಮಕ್ಕಳ ಕೈಗೆ ಸಿಗದ ಕಡೆ ಸಣ್ಣ ಚುಕ್ಕೆಗಳನ್ನು ಇಟ್ಟರೆ ಸಾಕು. ಜಿರಳೆ ತಿಂದು ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಬೇರೆ ಜಿರಳೆಗಳೂ ಸಾಯುತ್ತವೆ. ಅನ್ನದ ಪಾತ್ರೆಗೆ ಏನೂ ಸಿಡಿಯುವುದಿಲ್ಲ. ನಾನು ರಾಸಾಯನಿಕ ಬೇಡವೇ ಬೇಡ ಅನ್ನುವವನಲ್ಲ, ನೋಡಿ. ಆದರೆ ಜೆಲ್ ಇಟ್ಟ ಜಾಗಕ್ಕೆ ಮತ್ತೆ ಸ್ಪ್ರೇ ಹೊಡೆಯಬೇಡಿ. ಜಿರಳೆ ಅತ್ತ ಸುಳಿಯುವುದಿಲ್ಲ, ಎರಡೂ ದಂಡ.

ನನಗೆ ಜಾಸ್ತಿ ಭಯ ಇರುವುದು ಮನೆಯಿಂದ ಬರುವ ಹೊಲದ ಔಷಧಿ ಬಾಟಲಿಗಳದ್ದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು "ಮನ್ಯಾಗ ಉಳದೈತಿ, ನಾನs ಹೊಡೀತೀನಿ ಬಿಡ್ರಿ" ಅಂತಾರೆ. ಮನಸ್ಸು ಒಳ್ಳೆಯದೇ. ಆದರೆ ಅದು ಬಯಲಿನ ಬೆಳೆಗೆ ಲೆಕ್ಕ ಹಾಕಿದ ವಿಷ. ಮುಚ್ಚಿದ ಕೋಣೆಯಲ್ಲಿ ಬಿಸಿಲಿಲ್ಲ, ಮಳೆಯಿಲ್ಲ, ಬೇಗ ಒಡೆಯುವುದೂ ಇಲ್ಲ. ಅದು ಇಳಿದು ಕೂರುವುದು ನೆಲದ ಮೇಲೆ. ಚಿಕ್ಕ ತರಗತಿಗಳ ನಲಿ-ಕಲಿ ಮಕ್ಕಳು ಕೂರುವುದೂ ನೆಲದ ಮೇಲೆಯೇ. ಆ ವಯಸ್ಸಿನಲ್ಲಿ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ. ಮೈತೂಕದ ಲೆಕ್ಕದಲ್ಲಿ ಮಕ್ಕಳು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ತಗಣಿ, ಜಿರಳೆಗೆ ಅಂತ ಹಿಂದೆ ಎಲ್ಲರೂ ತರುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧವಾಗಿದೆ. ಹಳೆ ಬಾಟಲಿ ಅಟ್ಟದ ಮೇಲೆ ಇದ್ದರೆ ಅದನ್ನು ಶಾಲೆಗೆ ತರಬೇಡಿ.

ಖಾಲಿ ಔಷಧಿ ಡಬ್ಬಿಯೂ ಅಷ್ಟೇ, ಅದಕ್ಕೆ ಅಡುಗೆ ಎಣ್ಣೆ ತುಂಬಿಟ್ಟರೆ ಅದೂ ವಿಷವೇ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ನಮ್ಮ ಹತ್ತಿ ಹೊಲಗಳಿಗೆ ಚೆನ್ನಾಗಿ ಪರಿಚಯವಿದ್ದ ಔಷಧಿ ಅದು.

ಇನ್ನೊಂದು ಇದೆ, ಯಾರೂ ಗಮನಿಸುವುದಿಲ್ಲ. ಇರುವೆ ಚಾಕ್. ಅದರಲ್ಲಿರುವುದೂ ಕೀಟನಾಶಕವೇ. ಬಿಳಿ ಕಡ್ಡಿ, ಬೋರ್ಡ್ ಮೇಲೆ ಬರೆಯುವ ಚಾಕ್‌ನದೇ ಉದ್ದ, ಅದೇ ದಪ್ಪ. ಪೊಟ್ಟಣದಿಂದ ತೆಗೆದು ಮೇಜಿನ ಖಾನೆಯಲ್ಲಿಟ್ಟರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಬೇರೆ ಎಲ್ಲಿ ಬೇಕಾದರೂ ಬಳಸಿಕೊಳ್ಳಿ, ಶಾಲೆಯಲ್ಲಿ ಮಾತ್ರ ಬೇಡ.

ಚೇಳಿಗೆ ಔಷಧಿ ಹೊಡೆಯುವುದು ಸುಮ್ನೆ ದುಡ್ಡು ಹಾಳು. ಗೋಡೆಗೆ ಒರಗಿಸಿದ ಕಲ್ಲು, ಕಟ್ಟಿಗೆ, ಮುರಿದ ಬೆಂಚು ತೆಗೆಸಿ. ಶೌಚಾಲಯದ ಹಿಂದಿನ ಇಟ್ಟಿಗೆ ರಾಶಿ ಮರೆಯಬೇಡಿ. ಕೈ ಹಾಕುವ ಮೊದಲು ಕೋಲಿನಿಂದ ಸರಿಸಲಿ. ಇಲಿಗೆ ಬಾಗಿಲ ಕೆಳಗಿನ ಸಂದು ನೋಡಿ. ಪೆನ್ಸಿಲ್ ತೂರುವಷ್ಟು ಜಾಗವಿದ್ದರೆ ಸುಂಡಿಲಿಗೆ ಸಾಕು. ತಗಡಿನ ಪಟ್ಟಿ ಹೊಡೆಸಿ, ಬೋನು ಇಡಿ. ವಿಷದ ಬಿಲ್ಲೆ ನೋಡಲು ಥೇಟ್ ತಿಂಡಿಯೇ, ಅಕ್ಕಿ ಚೀಲದ ಪಕ್ಕ ಅದಕ್ಕೆ ಜಾಗವಿಲ್ಲ. ಅಕ್ಕಿ ಚೀಲ ಗೋಡೆಯಿಂದ ದೂರ, ಹಲಗೆ ಮೇಲೆ ಇರಲಿ. ಹಳೆಯದು ಮೊದಲು ಖರ್ಚಾಗಲಿ. ನುಸಿ ಬಿದ್ದರೆ ಜರಡಿ ಹಿಡಿದು ತಾಡಪತ್ರಿ ಮೇಲೆ ಹರವಿ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮಾತ್ರ ಬೇಡ. ಅದರಿಂದ ಏಳುವ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ.

ಇದೆಲ್ಲ ಗುರುಗಳ ಒಳ್ಳೆಯತನದ ಮೇಲೆ ನಿಲ್ಲಬಾರದು, ನಿಯಮವಾಗಬೇಕು ಅನ್ನುವುದು ನನ್ನ ವಾದ. ಒಳ್ಳೆಯ ಗುರುಗಳಿಗೆ ವರ್ಗಾವಣೆಯಾದರೆ ಮುಗಿಯಿತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ 2000ದಲ್ಲೇ ಶಾಲೆಗಳಿಗಾಗಿ ಕಾನೂನು ಮಾಡಿತು. ಯಾವ ಔಷಧಿ ಬಳಸಬಹುದು ಅಂತ ವರ್ಷಕ್ಕೊಮ್ಮೆ ಪೋಷಕರಿಗೆ ಬರೆದು ತಿಳಿಸಬೇಕು. ಹೊಡೆಯುವ 24 ಗಂಟೆ ಮೊದಲು ಎಚ್ಚರಿಕೆಯ ಬೋರ್ಡ್ ಹಾಕಬೇಕು, ಹೊಡೆದ ಮೇಲೆ 72 ಗಂಟೆ ತೆಗೆಯಬಾರದು. ಸಂದಿಗೆ ಇಡುವ ಜೆಲ್, ಡಬ್ಬಿಯೊಳಗಿನ ವಿಷದ ತಿನಿಸಿಗೆ ಮಾತ್ರ ಬೋರ್ಡ್ ಬೇಕಿಲ್ಲ. ಅಂದರೆ ಸ್ಪ್ರೇ ಹೊಡೆಸುವುದು ರಗಳೆ, ಜೆಲ್ ಸಲೀಸು. ಜಾಣತನ ಇರುವುದು ಇಲ್ಲೇ.

ನಮ್ಮಲ್ಲಿ ಸರ್ಕಾರದ ಆದೇಶಕ್ಕೆ ಕಾಯುವ ಮೊದಲೇ ಎಸ್‌ಡಿಎಂಸಿ ಒಂದು ಠರಾವು ಬರೆಯಬಹುದು. ನೋಡದೆ ಹೊಡೆಯುವಂತಿಲ್ಲ. ಹೊಲದ ಔಷಧಿ ಆವರಣದೊಳಗೆ ಬರುವಂತಿಲ್ಲ. ಹೊಡೆಯಲೇಬೇಕಾದರೆ, ಉದಾಹರಣೆಗೆ ಗೆದ್ದಲಿಗೆ, ದಸರಾ ಅಥವಾ ಬೇಸಿಗೆ ರಜೆಯಲ್ಲಿ, ಪರವಾನಗಿ ಇರುವವರ ಕೈಯಲ್ಲಿ. ದುಡ್ಡು ಪಡೆದು ಈ ಕೆಲಸ ಮಾಡುವವರಿಗೆ 1971ರ ಕೀಟನಾಶಕ ನಿಯಮಗಳ ಪ್ರಕಾರ ಪರವಾನಗಿ ಬೇಕೇ ಬೇಕು. ತೋರಿಸಿ ಅಂತ ಕೇಳಲು ಸಂಕೋಚ ಯಾಕೆ? ಏನು ಹೊಡೆದರು, ಯಾವತ್ತು, ಎಷ್ಟು ಅಂತ ಒಂದು ವಹಿಯಲ್ಲಿ ಬರೆದಿಡಿ.

ತಿಕೋಟಾ, ಬಬಲೇಶ್ವರ ಕಡೆಯ ಶಾಲೆಗಳು ಠರಾವಿಗೆ ಇನ್ನೊಂದು ಸಾಲು ಸೇರಿಸಲಿ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ದ್ರಾಕ್ಷಿಗೆ ಔಷಧಿ ಮೇಲೆ ಔಷಧಿ ಬೀಳುತ್ತದೆ. ಟ್ರ್ಯಾಕ್ಟರ್ ಬ್ಲೋವರ್ ಎಬ್ಬಿಸಿದ ಮಂಜು ಕಾಂಪೌಂಡ್ ಗೋಡೆ ನೋಡಿ ನಿಲ್ಲುವುದಿಲ್ಲ. ಪಕ್ಕದ ತೋಟದವರ ಮಕ್ಕಳೂ ಬಹುಶಃ ಅದೇ ಶಾಲೆಯಲ್ಲಿರುತ್ತಾರೆ. ಚಾಟ್ನಿಗೆ ಮುಂಚೆಯೇ ಅವರನ್ನು ಸಭೆಗೆ ಕರೆದು, ಶಾಲೆ ಕಡೆಯ ಸಾಲುಗಳಿಗೆ ರವಿವಾರ ಅಥವಾ ಪ್ರಾರ್ಥನೆಗೆ ಬಹಳ ಮೊದಲು, ನಸುಕಿನಲ್ಲಿ ಹೊಡೆಯಿರಿ ಅಂತ ಕೇಳಿಕೊಳ್ಳಿ.